ಚಾರ್ಕೋಪಿನ ಅಂಗಳದಲ್ಲಿ ರಾಜಾ ವಿಕ್ರಮ

ಶನಿವಾರ ಬಂತೆಂದರೆ ಮುಂಬಯಿಗೆ ಎಣ್ಣೆಯ ವಾಸನೆ ಹತ್ತುತ್ತದೆ. ಸಣ್ಣ ಡಬ್ಬದಲ್ಲಿ ಎಣ್ಣೆ ತುಂಬಿ, ಅದರೊಳಗೆ ತಗಡಿನ ಶನಿದೇವರನ್ನು ನಿಲ್ಲಿಸಿಕೊಂಡವರು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ, ಅಂಗಡಿಯಿಂದ ಅಂಗಡಿಗೆ ನಡೆಯುತ್ತಾರೆ. ನಿಂಬೆ, ಹಸಿಮೆಣಸು ಪೋಣಿಸಿದ ಹೊಸ ಸರವನ್ನು ಬಾಗಿಲಿಗೆ ಕಟ್ಟಿ ವಾರದ ಹಳೆಯ ಸರವನ್ನು ಬಿಚ್ಚಿ ರಸ್ತೆಗೆಸೆಯುವ ಹುಡುಗರು, ಅದನ್ನು ತುಳಿಯದಂತೆ ಹಾರಿ ದಾಟುವ ಆಫೀಸಿನವರು. ಕಾಂದಿವಲಿ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದರೆ ಎಕ್ಕದೆಲೆಯ ಮಾಲೆ ಮಾರುವ ಹೆಂಗಸರು ಕಾಣುತ್ತಾರೆ. ಇಲ್ಲಿ ಗುಜರಾತಿಗಳಿದ್ದಾರೆ, ಮರಾಠಿಗರಿದ್ದಾರೆ, ಉತ್ತರದವರೂ ಕಡಿಮೆಯಿಲ್ಲ. ಸಾಡೇಸಾತಿಯ, ಅಂದರೆ ಏಳೂವರೆ ವರ್ಷದ ಶನಿಕಾಟದ ಹೆದರಿಕೆ ಮಾತ್ರ ಎಲ್ಲರಿಗೂ ಸಮಪಾಲು.

ಶೇರ್ ರಿಕ್ಷಾದಲ್ಲಿ ಮೂರನೆಯವನಾಗಿ ತುರುಕಿಕೊಂಡು ಎಸ್.ವಿ. ರೋಡು ದಾಟಿ, ಲಿಂಕ್ ರೋಡಿನ ನೆತ್ತಿಯ ಮೇಲೆ 2022ರಿಂದ ಓಡುತ್ತಿರುವ ಮೆಟ್ರೋದ ಅಡಿಯಲ್ಲಿ ನುಸುಳಿ ಚಾರ್ಕೋಪ್ ಸೇರಿದೆವೆಂದರೆ ಗದ್ದಲ ಸ್ವಲ್ಪ ಇಳಿಯುತ್ತದೆ. ಚಾರ್ಕೋಪ್ ತಾನಾಗಿ ಬೆಳೆದ ಊರಲ್ಲ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಗೆರೆ ಎಳೆದು ಮಾಡಿದ ಬಡಾವಣೆ. ಕಡಿಮೆ ವರಮಾನದವರಿಗೆ ಪುಟ್ಟ ನಿವೇಶನ, ನೀರು, ಚರಂಡಿ ಕೊಟ್ಟು ‘ಮನೆ ನೀವೇ ಕಟ್ಟಿಕೊಳ್ಳಿ’ ಎಂದರು. ಒಂದಷ್ಟು ಮನೆ ಸೇರಿ ಒಂದು ಸೊಸೈಟಿ, ಅದರ ನಡುವೆ ಒಂದು ಅಂಗಳ. ಒಂದು ಕೋಣೆಯಾಗಿ ಹುಟ್ಟಿದ ಮನೆಗಳು ಮಗನ ಮದುವೆಗೊಂದು ಮಹಡಿ, ಮೊಮ್ಮಗನ ಹೊತ್ತಿಗೆ ಇನ್ನೊಂದು ಎನ್ನುತ್ತ ಮೇಲಕ್ಕೆ ಬೆಳೆದವು. ಅಂಗಳ ಅಷ್ಟೇ ಉಳಿಯಿತು. ಯೋಜನೆ ಮಾಡಿದವರ ಮನಸ್ಸಿನಲ್ಲಿ ಅದಕ್ಕೆ ಏನು ಉಪಯೋಗವಿತ್ತೋ ಏನೋ, ನಮ್ಮ ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರ ಕಣ್ಣಿಗೆ ಅದು ಮೊದಲ ದಿನವೇ ಚಪ್ಪರ ಹಾಕುವ ಜಾಗವಾಗಿ ಕಂಡಿತು.

ಇವತ್ತು ಆ ಅಂಗಳದಲ್ಲಿ ಶನಿಪೂಜೆ. ಟಾರ್ಪಾಲಿನ ಕೆಳಗೆ ಬಾಳೆಗಿಡ ಕಟ್ಟಿದ ಮಂಟಪ, ಕಾಗೆಯ ಮೇಲೆ ಕೂತ ಶನೀಶ್ವರನ ಪಟ, ಕಪ್ಪು ವಸ್ತ್ರದ ಮೇಲೆ ಕಲಶ, ಎಳ್ಳೆಣ್ಣೆಯ ದೀಪಗಳ ಸಾಲು. ಹೆಂಗಸರ ಮುಡಿಯಲ್ಲಿ ಊರಿನಿಂದ ತರಿಸಿದ ಶಂಕರಪುರ ಮಲ್ಲಿಗೆ. ಪಕ್ಕದ ಮನೆಯ ಗುಜರಾತಿ ಬೆನ್ ತಾನೂ ಒಂದು ಶೀಶೆ ಎಣ್ಣೆ ತಂದಿಟ್ಟು, ಮಾತು ತಿಳಿಯದಿದ್ದರೂ ಕೊನೆಯತನಕ ಕೂರುತ್ತಾರೆ. ಕತೆ ಅವರಿಗೂ ಗೊತ್ತು. ವಿಕ್ರಮರಾಜ ಮತ್ತು ಶನಿಯ ಕತೆ ಗುಜರಾತಿಯಲ್ಲಿದೆ, ಮರಾಠಿಯಲ್ಲಿದೆ, ಕನ್ನಡದಲ್ಲಿದೆ. ನಮ್ಮವರು ಅದಕ್ಕೆ ಸೇರಿಸಿದ್ದು ತಾಳ ಮತ್ತು ಮದ್ದಳೆ.

ಮಂಟಪದ ಎದುರು ಹಾಸಿದ ಜಮಖಾನೆಯ ಮೇಲೆ ಭಾಗವತರು, ಮದ್ದಳೆಯವರು, ಎದುರು-ಬದುರಾಗಿ ಅರ್ಥದಾರಿಗಳು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ ಹಾಡುತ್ತಾರೆ, ಆ ಪದದೊಳಗಿನ ಪಾತ್ರ ಯಾರದೋ ಅವರು ಅದಕ್ಕೆ ಸ್ಥಳದಲ್ಲೇ ಮಾತು ಕಟ್ಟುತ್ತಾರೆ. ಆ ಮಾತಿಗೆ ಅರ್ಥ ಎಂದು ಹೆಸರು. ಊರಲ್ಲಿ ಇದು ತಾಳಮದ್ದಳೆ. ಇಲ್ಲಿ ಇದೇ ಶನಿಗ್ರಂಥ ಪಾರಾಯಣ. ಪೂಜೆ ಎಲ್ಲಿ ಮುಗಿದು ಕಲೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಹೋದವರು ಸೋಲುತ್ತಾರೆ. ಭಟ್ಟರು ಕಲಶಕ್ಕೆ ಹೂ ಏರಿಸುತ್ತಿರುವಾಗಲೇ ಭಾಗವತರು ಶ್ರುತಿ ಹಿಡಿದಿರುತ್ತಾರೆ.

ಹೀಗೆ ಕೂತು ಗ್ರಂಥ ಓದಿಸುವುದು, ಅರ್ಥ ಹೇಳಿಸುವುದು ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಕರಾವಳಿಯ ಮೊಗವೀರರು ಭಾರತ ವಾಚನಕ್ಕೆಂದೇ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಕೊಂಡ ಶ್ರೀಮದ್ಭಾರತ ಮಂಡಳಿ ಇವತ್ತಿಗೂ ಅಂಧೇರಿಯಲ್ಲಿದೆ. ಸಂಬಳ ಸಿಕ್ಕ ಮೇಲೆ ಈ ಜನ ಮೊದಲು ಮಾಡಿಕೊಂಡದ್ದು ಒಂದು ಕತೆ ಕೇಳುವ ಏರ್ಪಾಡು. ತಿರುಗಾಟ ಮುಗಿಯುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ಸಭಾಗೃಹಗಳಲ್ಲಿ ತಾಳಮದ್ದಳೆ ನಡೆಸುವುದೂ ಉಂಟು. ಆ ಕೂಟಗಳಿಗೆ ಪೋಸ್ಟರು, ಸನ್ಮಾನ, ಶಾಲು. ಚಾರ್ಕೋಪಿನ ಅಂಗಳದ ಅರ್ಥದಾರಿಗಳಿಗೆ ಅದೆಲ್ಲ ಇಲ್ಲ. ಇವತ್ತಿನ ಶನಿ ನಿವೃತ್ತ ಬ್ಯಾಂಕ್ ನೌಕರರು. ನಂದಿಶೆಟ್ಟಿ ಎಂಬ ವರ್ತಕನ ಪಾತ್ರಕ್ಕೆ ನಿಜಕ್ಕೂ ವರ್ತಕರೊಬ್ಬರು, ಬೋರಿವಲಿಯಲ್ಲಿ ಅವರದು ಪಾತ್ರೆ ಅಂಗಡಿ. ವಿಕ್ರಮ ಆಕುರ್ಲಿ ರಸ್ತೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಕಳೆದವರು. ಹೈಸ್ಕೂಲು ಮೆಟ್ಟಿಲು ಹತ್ತುವ ವಯಸ್ಸಿಗೆ ಕಪ್ಪು-ಬಸಿ ತೊಳೆಯಲು ಬಂದು, ರಾತ್ರಿಶಾಲೆಯಲ್ಲಿ ಕನ್ನಡ ಓದಿ, ಹೋಟೆಲಿನ ಟೇಬಲ್ಲುಗಳನ್ನು ಒರೆಸುತ್ತ ಕುಮಾರವ್ಯಾಸನನ್ನು ಬಾಯಿಪಾಠ ಮಾಡಿದ ತಲೆಮಾರಿನ ಕೊನೆಯ ಕೆಲವರಲ್ಲಿ ಒಬ್ಬರು. ಅವರನ್ನು ಇಲ್ಲಿ ವಿಕ್ರಮ ಎಂದೇ ಕರೆಯುತ್ತೇನೆ. ಸೊಸೈಟಿಯಲ್ಲೂ ಅರ್ಧ ಜನ ಹಾಗೆಯೇ ಕರೆಯುವುದು.

ಕತೆ ಶುರುವಾಗುವುದು ಒಂದು ನಗುವಿನಿಂದ. ಉಜ್ಜಯಿನಿಯ ಸಭೆಯಲ್ಲಿ ನವಗ್ರಹಗಳಲ್ಲಿ ಯಾರು ಹೆಚ್ಚು ಎಂಬ ವಾದ. ಒಬ್ಬೊಬ್ಬ ಪಂಡಿತನೂ ಒಂದೊಂದು ಗ್ರಹವನ್ನು ಹೊಗಳುತ್ತಾನೆ. ಶನಿ ಹುಟ್ಟಿ ಕಣ್ಣುಬಿಟ್ಟ ಕೂಡಲೇ ತಂದೆ ಸೂರ್ಯನಿಗೆ ಕುಷ್ಠ ತಗುಲಿತು, ಸಾರಥಿ ಕುಂಟನಾದ, ಕುದುರೆಗಳು ಕುರುಡಾದವು ಎಂದು ಕೇಳಿದ ವಿಕ್ರಮ ನಗುತ್ತಾನೆ. ಇಂಥ ಮಗನೂ ಒಬ್ಬ ಮಗನೇ ಎಂದು. ಆಕಾಶದಲ್ಲಿ ಹೋಗುತ್ತಿದ್ದ ಶನಿಯ ಕಿವಿಗೆ ಅದು ಬೀಳುತ್ತದೆ. ನಮ್ಮ ಬ್ಯಾಂಕಿನ ಶನಿ ಇಲ್ಲಿ ಸಿಟ್ಟು ತೋರಿಸುವುದಿಲ್ಲ. ಅವರ ಶನಿ ಬಡ್ಡಿ ಲೆಕ್ಕ ಹೇಳುವವರಂತೆ ತಣ್ಣಗೆ ಮಾತಾಡುತ್ತಾನೆ: ಒಂದು ರಾಶಿಯಲ್ಲಿ ಎರಡೂವರೆ ವರ್ಷ ಇರುತ್ತೇನೆ, ಮೂರು ರಾಶಿ ದಾಟುವಾಗ ನಿನ್ನನ್ನು ಹಾದು ಹೋಗುತ್ತೇನೆ, ಒಟ್ಟು ಏಳೂವರೆ, ಸುತ್ತು ಮುಗಿಸಿ ಮತ್ತೆ ಬರಲು ಮೂವತ್ತು ವರ್ಷ ಬೇಕು. ಪ್ರೇಕ್ಷಕರಲ್ಲಿ ಕೆಲವರು ಬೆರಳು ಮಡಿಚಿ ಎಣಿಸುವುದು ಕಾಣುತ್ತದೆ. ತುಸು ಬಾಳಿದವನ ಜೀವನದಲ್ಲಿ ಎರಡು ಸಲ ಗ್ಯಾರಂಟಿ, ಗಟ್ಟಿ ಜೀವವಾದರೆ ಮೂರು.

ಆಮೇಲೆ ಕುದುರೆ. ಪರೀಕ್ಷೆಗೆಂದು ಹತ್ತಿದ ರಾಜನನ್ನು ಹೊತ್ತು ಹಾರಿ, ಗುರುತಿಲ್ಲದ ಕಾಡಿನಲ್ಲಿ ಇಳಿಸಿ ಮಾಯವಾಗುತ್ತದೆ. ಅರಸನಾಗಿದ್ದವನು ಅಪರಿಚಿತ ಪಟ್ಟಣದ ಅಂಗಡಿಯ ಜಗಲಿಯಲ್ಲಿ ಬಂದು ಕೂರುತ್ತಾನೆ. ಕಾಂದಿವಲಿಯಲ್ಲಿ ಈ ಭಾಗಕ್ಕೆ ಯಾರೂ ಟಿಪ್ಪಣಿ ಕೊಡಬೇಕಾಗಿಲ್ಲ. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಅದಕ್ಕೆ ಮೊದಲು ಘಟ್ಟ ಸುತ್ತಿ ಬರುವ ಬಸ್ಸುಗಳಲ್ಲಿ ಬಂದಿಳಿದು, ಯಾರದೋ ಹೋಟೆಲಿನ ಜಗಲಿಯಲ್ಲಿ ಮೊದಲ ರಾತ್ರಿ ಕಳೆದವರು ಆ ಜಮಖಾನೆಯ ಸುತ್ತ ಇನ್ನೂ ಕೂತಿದ್ದಾರೆ.

ವಿಕ್ರಮ ಕಾಲಿಟ್ಟದ್ದೇ ವರ್ತಕನ ವ್ಯಾಪಾರ ಏರುತ್ತದೆ. ಸಂತೋಷದಿಂದ ಮನೆಗೆ ಕರೆದೊಯ್ದು ಚಿತ್ರಶಾಲೆಯಲ್ಲಿ ಇಳಿಸುತ್ತಾನೆ. ಅಲ್ಲಿ ಗೋಡೆಯ ಮೇಲೊಂದು ಹಂಸದ ಚಿತ್ರ, ಗೂಟದಲ್ಲಿ ತೂಗುಹಾಕಿದ ಮುತ್ತಿನ ಹಾರ. ರಾಜ ನೋಡುತ್ತಿದ್ದಂತೆ ಚಿತ್ರದ ಹಂಸ ಕೊಕ್ಕು ಚಾಚಿ ಹಾರವನ್ನು ನುಂಗುತ್ತದೆ. ನೋಡಿದವನು ಅವನೊಬ್ಬನೇ. ಬೆಳಗಾದರೆ ಕಳ್ಳ ಯಾರು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

ಈ ಹಂಸ ನನ್ನನ್ನು ಬಹಳ ಕಾಡಿದೆ. ಕಣ್ಣಾರೆ ಕಂಡ ಸತ್ಯ, ಹೇಳಿದರೆ ಹುಚ್ಚು. ಇದಕ್ಕಿಂತ ಒಂಟಿಯಾದ ಸ್ಥಿತಿಯನ್ನು ಯಾವ ಕತೆಗಾರ ಕಟ್ಟಿಯಾನು? ಮುಂಬಯಿ ಕನ್ನಡದ ದೊಡ್ಡ ಕಾದಂಬರಿ, ಯಶವಂತ ಚಿತ್ತಾಲರ 1979ರ ‘ಶಿಕಾರಿ’, ಶುರುವಾಗುವುದೂ ಇಂಥದೇ ಇಕ್ಕಟ್ಟಿನಲ್ಲಿ. ದೊಡ್ಡ ಕಂಪನಿಯೊಂದರಲ್ಲಿದ್ದ ನಾಗಪ್ಪನ ಮೇಲೆ ಏನೆಂದೇ ತಿಳಿಯದ ಆರೋಪ ಬರುತ್ತದೆ, ತಾನು ಏನು ಮಾಡಿದೆ ಎಂದು ಅವನು ತನ್ನನ್ನೇ ಕೇಳಿಕೊಳ್ಳುತ್ತ ಹೋಗುತ್ತಾನೆ. ಬಾಂದ್ರಾದ ಕಡಲಂಚಿನಲ್ಲಿ ಕೂತು ಬರೆದ ಆ ಆಧುನಿಕ ಲೇಖಕನಿಗೂ ಚಾರ್ಕೋಪಿನ ಶನಿಗ್ರಂಥಕ್ಕೂ ಏನೂ ಸಂಬಂಧವಿಲ್ಲ. ಆದರೂ ಪರವೂರಿನಲ್ಲಿ ಗಳಿಸಿಕೊಂಡ ಒಳ್ಳೆಯ ಹೆಸರು ಒಂದು ಬೆಳಗ್ಗೆ ಕಾರಣವಿಲ್ಲದೆ ಹೋಗಿಬಿಡಬಹುದು ಎಂಬ ದಿಗಿಲು ಎರಡರಲ್ಲೂ ಒಂದೇ.

ಹಂಸ ಹಾರ ನುಂಗುವಾಗ ಮುಂದಿನ ಸಾಲಿನಲ್ಲಿ ಕೂತ ಹುಡುಗಿಯೊಬ್ಬಳು ಚಿತ್ರ ಬರೆಯುತ್ತಿದ್ದಳು. ಎಂಟನೆಯ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ತುಳು, ಅಂಗಳದಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ ಒಂದು ವಿಷಯ. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಅವಳ ಹಂಸಕ್ಕೆ ಕತ್ತು ತುಂಬ ಉದ್ದ, ಕತ್ತಿನೊಳಗೆ ಮುತ್ತುಗಳು ಒಂದರ ಹಿಂದೊಂದು ಕಾಣುತ್ತಿದ್ದವು. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಇದೇ ಶಹರಕ್ಕೆ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಕೆ.ಕೆ. ಹೆಬ್ಬಾರರು ಒಂದೆರಡು ಗೆರೆಯಲ್ಲಿ ಕುಣಿತವನ್ನು ಹಿಡಿಯುತ್ತಿದ್ದರು. ಆ ಹೋಲಿಕೆ ಹುಡುಗಿಗೆ ಭಾರವಾದೀತು, ಬೇಡ. ಆದರೆ ಗೆರೆಯಲ್ಲಿ ಹೆದರಿಕೆ ಇರಲಿಲ್ಲ. ಅಷ್ಟು ಹೇಳಬಹುದು.

ಆರೋಪದ ಪದ ಮುಗಿಯಿತು. ವಿಕ್ರಮರು ಶಾಲು ಸರಿಮಾಡಿಕೊಂಡು ಅರ್ಥಕ್ಕೆ ಇಳಿದರು. ಅವರ ಅರ್ಥದಲ್ಲಿ ಒಂದು ಕಡೆ ತಾಯಿ ಬರುತ್ತಾಳೆ. ಭಾಗವತರು ಹಾಡಿದ ಪದದಲ್ಲಿ ತಾಯಿಯ ಸುದ್ದಿಯಿಲ್ಲ. ಆ ತಾಯಿ ಅಲ್ಲಿಗೆ ಹೇಗೆ ಬಂದಳು ಎಂಬುದಕ್ಕಾಗಿಯೇ ನಾನು ಇದನ್ನೆಲ್ಲ ಬರೆಯಲು ಕೂತದ್ದು.

ಕೊರೊನಾ ಹಬ್ಬುತ್ತಿದ್ದ 2020ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಮಹಾರಾಷ್ಟ್ರದಿಂದ ಬರುವವರಿಗೆ ಗಡಿ ಮುಚ್ಚಿತು. ಅದಕ್ಕೆ ಮೊದಲು ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಪಾಸು ಮಾಡಿಸಿಕೊಂಡು ಹೊರಟ ಉಡುಪಿ ಜಿಲ್ಲೆಯವರು ಊರಿನ ಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಕಳೆದರು. ಸೋಂಕಿನ ಪಟ್ಟಿಯಲ್ಲಿ ದಿನವೂ ‘ಮಹಾರಾಷ್ಟ್ರದಿಂದ ಬಂದವರು’ ಎಂಬ ಸಾಲು. ಐವತ್ತು ವರ್ಷ ಮನಿಯಾರ್ಡರು ಕಳಿಸಿ, ದೈವಸ್ಥಾನಕ್ಕೆ ಹಂಚು ಹೊದೆಸಿ, ಶಾಲೆಗೆ ಕೋಣೆ ಕಟ್ಟಿಸಿದ ‘ಮುಂಬೈಯವರು’ ಒಂದೇ ತಿಂಗಳಲ್ಲಿ ಬೇಲಿಯಾಚೆ ನಿಲ್ಲಬೇಕಾದವರಾದರು. ಊರಿನವರ ಹೆದರಿಕೆಯೂ ಸುಳ್ಳಲ್ಲ, ಅದನ್ನು ಒಪ್ಪದಿದ್ದರೆ ಅನ್ಯಾಯವಾದೀತು. ನಮ್ಮ ವಿಕ್ರಮರು ಹೊರಡಲೇ ಆಗಲಿಲ್ಲ. ಅದೇ ಜೂನಿನಲ್ಲಿ ಊರಲ್ಲಿ ತಾಯಿ ತೀರಿಕೊಂಡರು. ವಯಸ್ಸಾಗಿತ್ತು, ರೋಗ ಬೇರೆಯದು. ಚಿತೆಗೆ ಬೆಂಕಿ ಇಟ್ಟವನು ಚಿಕ್ಕಪ್ಪನ ಮಗ. ಇವರು ಚಾರ್ಕೋಪಿನ ಮಹಡಿಯಲ್ಲಿ ಫೋನು ಹಿಡಿದು ನೋಡಿದರು, ನಡುವೆ ನೆಟ್‌ವರ್ಕ್ ಹೋಯಿತು.

ಅದನ್ನು ಅವರು ಯಾರಲ್ಲೂ ಹೇಳಿಕೊಂಡು ಅತ್ತವರಲ್ಲ. ದೇವರಿಗೆ ಕೈಮುಗಿಯುವುದನ್ನು ಬಿಡಲಿಲ್ಲ, ಆದರೆ ಮುಗಿದ ಕೈ ತಕ್ಷಣ ಬಿಡುತ್ತಿತ್ತು ಎಂದು ಅವರ ಹೆಂಡತಿ ಹೇಳುತ್ತಾರೆ. ನಮ್ಮ ಮನೆಗಳಲ್ಲಿ ದೇವರ ಮುಂದೆ ನಿಂತು ‘ಯಾಕೆ ಹೀಗೆ ಮಾಡಿದೆ?’ ಎಂದು ಕೇಳುವ ರೂಢಿಯಿಲ್ಲ. ಹರಕೆ ಹೊರಬಹುದು, ತಪ್ಪುಕಾಣಿಕೆ ಇಡಬಹುದು. ತಪ್ಪು ಯಾವಾಗಲೂ ಈ ಕಡೆಯದು.

ಮಹಾರಾಷ್ಟ್ರದಲ್ಲಿ ದೇವಸ್ಥಾನಗಳ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರಿನಲ್ಲಿ. ಆಮೇಲೆ ಅಂಗಳದ ಶನಿಪೂಜೆಯೂ ಶುರುವಾಯಿತು. ಆ ವರ್ಷವೂ ವಿಕ್ರಮ ಇವರೇ. ಕಳವಿನ ಆರೋಪದ ಪದ ಬಂತು. ಯಾವಾಗಲೂ ಹೇಳುವ ನಾಲ್ಕು ಮಾತು ಹೇಳಿ ನಿಲ್ಲಿಸಬೇಕಾದವರು ನಿಲ್ಲಿಸಲಿಲ್ಲ. ಅವರ ವಿಕ್ರಮ ಶನಿಯ ಕಡೆ ತಿರುಗಿದ. “ಹಾರ ಹೋಯಿತು, ಹೆಸರು ಹೋಯಿತು, ಇನ್ನು ಕೈಕಾಲೂ ಹೋದಾವು, ಹೋಗಲಿ. ನಿನ್ನನ್ನು ನಕ್ಕವನು ನಾನು, ಲೆಕ್ಕ ನಮ್ಮಿಬ್ಬರದು. ಉಜ್ಜಯಿನಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಬಾಗಿಲಿಗೆ ಬಂದು ದಾರಿ ನೋಡುವ ಒಬ್ಬಳಿದ್ದಾಳಲ್ಲ, ಅವಳು ಯಾವಾಗ ನಕ್ಕಿದ್ದಳು ನಿನ್ನನ್ನು? ಅವಳ ಎರಡೂವರೆಯನ್ನು ಯಾರ ಖಾತೆಗೆ ಬರೆದೆ?”

ಅರ್ಥದಲ್ಲಿ ಹೀಗೆ ಕೇಳಿದರೆ ಎದುರಿನವನು ಉತ್ತರ ಕೊಡಲೇಬೇಕು. ತಾಳಮದ್ದಳೆಯ ಕಟ್ಟುಪಾಡು ಅದು. ಹೆಸರಾಂತ ಅರ್ಥದಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಬಾಣ ತಾಗಿ ಬಿದ್ದು ರಾಮನನ್ನು ಪ್ರಶ್ನಿಸುವಾಗ, ರಾಮನ ಅರ್ಥ ಹೇಳುವವರು ‘ನಾನು ದೇವರು’ ಎಂದು ತಪ್ಪಿಸಿಕೊಳ್ಳುವಂತಿರಲಿಲ್ಲ, ಯುಕ್ತಿಯಿಂದಲೇ ಗೆಲ್ಲಬೇಕಿತ್ತು. ಗರ್ಭಗುಡಿಯ ಎದುರು ಮಾಡಲಾಗದ ಜಗಳವನ್ನು ಜಮಖಾನೆಯ ಮೇಲೆ ಮಾಡಬಹುದು. ಮಾಡಿದವನ ಭಕ್ತಿಗೆ ಕುಂದಿಲ್ಲ, ಜಗಳ ಪಾತ್ರದ ಹೆಸರಿನಲ್ಲಿ ನಡೆಯುತ್ತದೆ. ನಮ್ಮ ಹಳಬರು ಭಕ್ತಿಯೊಳಗೇ ಇಂಥದೊಂದು ಕಿಟಕಿ ಇಟ್ಟು ಹೋದದ್ದನ್ನು ಕಂಡಾಗ ನನಗೆ ಅವರ ಬುದ್ಧಿವಂತಿಕೆಯ ಬಗ್ಗೆ ಗೌರವ ಹೆಚ್ಚುತ್ತದೆ. ರಾಘವಾಂಕನ ಐತಿಹ್ಯ ನೆನಪಾಗುತ್ತದೆ. ಸುಡುಗಾಡು ಕಾದ ಹರಿಶ್ಚಂದ್ರನ, ಮಗನ ಹೆಣ ಹೊತ್ತು ಬಂದ ಚಂದ್ರಮತಿಯ ಸಂಕಟವನ್ನು ಕಾವ್ಯವಾಗಿಸಿದ್ದಕ್ಕೆ, ಶಿವನನ್ನು ಬಿಟ್ಟು ನರಮನುಷ್ಯನನ್ನು ಹಾಡಿದೆಯಲ್ಲ ಎಂದು ಗುರುವೂ ಸೋದರಮಾವನೂ ಆದ ಹರಿಹರ ಹೊಡೆದು ಹಲ್ಲು ಉದುರಿಸಿದನಂತೆ. ನರಮನುಷ್ಯನ ದುಃಖಕ್ಕೆ ಜಾಗ ಕೇಳಿದವರು ನಮ್ಮಲ್ಲಿ ಹಲ್ಲು ತೆತ್ತಿದ್ದಾರೆ. ಕನ್ನಡಿಗರು ಹೆಚ್ಚು ಓದಿ ಹಾಡಿದ್ದು ಮಾತ್ರ ಆ ಹರಿಶ್ಚಂದ್ರನನ್ನೇ.

ಅಂದು ಶನಿಯಾಗಿದ್ದವರು ಇದೇ ಬ್ಯಾಂಕಿನವರು. ಗೆಳೆಯನ ಮನೆಯ ವಿಷಯ ಗೊತ್ತಿದ್ದವರು. ಒಂದು ಕ್ಷಣ ಮಾತಾಡಲಿಲ್ಲವಂತೆ. ಮದ್ದಳೆಯವರು ಮೆಲ್ಲಗೆ ಎರಡು ಪೆಟ್ಟು ಹಾಕಿ ಹೊತ್ತು ತುಂಬಿಸಿದರು. ಆಮೇಲೆ ಶನಿ ಹೇಳಿದ್ದಿಷ್ಟು: “ವಿಕ್ರಮಾ, ನಿನಗೆ ದಾರಿ ನೋಡುವ ತಾಯಿ ಇದ್ದಾಳೆ. ನನ್ನ ತಾಯಿ ಯಾರು ಗೊತ್ತೇನು? ಛಾಯೆ. ನೆರಳು. ಅಪ್ಪಿಕೊಳ್ಳೋಣ ಎಂದು ಹೋದರೆ ಕೈಗೆ ಸಿಕ್ಕವಳಲ್ಲ. ಅಪ್ಪ ಕಣ್ಣೆತ್ತಿ ನೋಡಲಿಲ್ಲ, ನಾನು ಕಣ್ಣೆತ್ತಿದರೆ ಲೋಕ ಉರಿಯಿತು. ನಿನ್ನ ತಾಯಿಯ ಖಾತೆ ನನ್ನ ಕೈಯಲ್ಲಿಲ್ಲ ಮಾರಾಯ. ನಾನು ನಡೆಯುವವನು, ದಾರಿ ಹಾಕಿದವನಲ್ಲ.”

ಅಲ್ಲಿದ್ದವರು ಇದನ್ನು ಇಂದಿಗೂ ಹೇಳುತ್ತಾರೆ. ಭಾಗವತರು ಮುಂದಿನ ಪದ ಎತ್ತಲು ತಡಮಾಡಿದರು, ಪಾತ್ರೆ ಅಂಗಡಿಯವರು ಕನ್ನಡಕ ಒರೆಸಿದರು ಎಂದೆಲ್ಲ. ಹೇಳುತ್ತ ಹೇಳುತ್ತ ಸ್ವಲ್ಪ ಬಣ್ಣ ಬಳಿದುಕೊಂಡಿರಬಹುದು, ಅದು ಇರುವುದೇ. ನಾನು ಆ ದಿನ ಅಲ್ಲಿರಲಿಲ್ಲ. ನನಗೆ ಸಿಕ್ಕಿದ್ದು ಅವರ ಡೈರಿ.

ಹೊಸ ವರ್ಷಕ್ಕೆ ಸಪ್ಲೈಯರುಗಳು ಕ್ಯಾಂಟೀನಿಗೆ ಪುಕ್ಕಟೆ ಕೊಡುವ ಡೈರಿ ಅದು. ಮೊದಲ ಪುಟಗಳಲ್ಲಿ ಈರುಳ್ಳಿ, ಬಟಾಟೆ, ಗ್ಯಾಸಿನ ಲೆಕ್ಕ. ಹಿಂದಿನಿಂದ ತಿರುಗಿಸಿದರೆ ಅರ್ಥ. ಪಾತ್ರದ ಪೀಠಿಕೆ ಹೇಗಿರಬೇಕು, ಎದುರಾಳಿ ಹೀಗೆ ಕೇಳಿದರೆ ಹಾಗೆ, ಎಲ್ಲಿ ನಿಲ್ಲಿಸಬೇಕು ಎಂಬ ಟಿಪ್ಪಣಿಗಳು. ತಾಯಿಯ ಮಾತು ಅಂದು ಸ್ಥಳದಲ್ಲೇ ಬಂದದ್ದು ಎಂದು ಎಲ್ಲರೂ ನಂಬಿದ್ದಾರೆ. ಅಲ್ಲ. ಡೈರಿಯಲ್ಲಿ ಅದು ಏಳೆಂಟು ಪುಟ ಹಬ್ಬಿದೆ. ಮೊದಲ ಸಲ ಬರೆದದ್ದರಲ್ಲಿ ಫೋನು ಇದೆ, ಚಿಕ್ಕಪ್ಪನ ಮಗ ಇದ್ದಾನೆ, ಪಾಸು ಇದೆ, ಬೈಗುಳವೂ ಇದೆ. ಎಲ್ಲದರ ಮೇಲೆ ಗೆರೆ. ಎರಡನೆಯ ಸಲ ಬೈಗುಳ ಹೋಗಿ ಅಳು ಬಂದಿದೆ, ಅದರ ಮೇಲೂ ಗೆರೆ. ಹೀಗೆ ಹೊಡೆದು ಹೊಡೆದು ಕೊನೆಗೆ ಉಳಿದದ್ದು ದೀಪ ಹಚ್ಚುವ ಹೊತ್ತು, ಬಾಗಿಲು, ಒಂದು ಪ್ರಶ್ನೆ. “ವಿಕ್ರಮ ಮಹಾರಾಜನ ಬಾಯಲ್ಲಿ ನೆಟ್‌ವರ್ಕ್ ಹೋಯಿತು ಅಂತ ಹೇಳ್ಲಿಕ್ಕೆ ಆಗ್ತದಾ? ಅವನ ಅಳತೆಗೆ ಹೊಲೀಬೇಕು” ಎಂದರು ನಕ್ಕು. ಕ್ಯಾಂಟೀನು ಮುಚ್ಚಿ, ಕೊನೆಯ ಪಾತ್ರೆ ಕವುಚಿಟ್ಟ ಮೇಲೆ, ಹತ್ತೂವರೆಯಿಂದ ಹನ್ನೊಂದೂವರೆ ಅವರ ಬರೆಯುವ ಹೊತ್ತು. ಬರೆದು ಮುಗಿಸಿದ ಮೇಲೆ ಮನಸ್ಸು ಹಗುರವಾಯಿತೇ ಎಂದು ಕೇಳಿದೆ. ಹಗುರ ಏನೂ ಆಗಲಿಲ್ಲ, ಆದರೆ ಹಿಡಿದುಕೊಳ್ಳಲು ಒಂದು ಹಿಡಿಕೆ ಸಿಕ್ಕಿತು ಎಂದರು. ದೊಡ್ಡ ಪಾತ್ರೆ ಎತ್ತುವವರ ಮಾತು.

ಎಲ್ಲರಿಗೂ ಇದು ಒಪ್ಪಿಗೆಯಾಗಿಲ್ಲ. ಅಂಗಳದ ಹಿರಿಯರೊಬ್ಬರು ಪ್ರತಿ ವರ್ಷ ಗೊಣಗುತ್ತಾರೆ. ಗ್ರಂಥದಲ್ಲಿ ಇಲ್ಲದ್ದನ್ನು ಯಾಕೆ ತುರುಕಬೇಕು? ಇದು ಪೂಜೆಯೋ ನಾಟಕವೋ? ಅವರ ಮಾತಿನಲ್ಲಿ ಹುರುಳಿದೆ. ಇವರನ್ನು ನೋಡಿ ಇನ್ನೊಂದು ಕಡೆ ಒಬ್ಬರು ತಮ್ಮ ಆಸ್ತಿ ಜಗಳವನ್ನೆಲ್ಲ ವಿಕ್ರಮನ ಬಾಯಿಗೆ ಹಾಕಿ, ಅಣ್ಣನ ಹೆಸರನ್ನೂ ಅರ್ಧ ಹೇಳಿ, ಊಟಕ್ಕೆ ಒಂದು ಗಂಟೆ ತಡಮಾಡಿಸಿದರಂತೆ. ನೋವಿದೆ ಎಂದ ಮಾತ್ರಕ್ಕೆ ಅದು ಅರ್ಥವಾಗುವುದಿಲ್ಲ. ಗೆರೆ ಹೊಡೆಯುವ ತಾಳ್ಮೆ ಇಲ್ಲದವರು ಡೈರಿಯಲ್ಲೇ ಇಟ್ಟುಕೊಳ್ಳುವುದು ವಾಸಿ.

ಈ ಸಲದ ಅರ್ಥದಲ್ಲಿ ತಾಯಿಯ ಮಾತು ಮೂರೇ ವಾಕ್ಯಕ್ಕೆ ಇಳಿದಿತ್ತು. ಹಿರಿಯರು ಗೊಣಗಲಿಲ್ಲ, ಅಥವಾ ಗೊಣಗಿದ್ದು ಮದ್ದಳೆಯಲ್ಲಿ ಮುಳುಗಿತು. ಆ ಪಟ್ಟಣವನ್ನಾಳುವ ಚಂದ್ರಸೇನ ರಾಜನ ಅಪ್ಪಣೆ, ಕೈಕಾಲು ಕಡಿದು ಊರಾಚೆ ಎಸೆದದ್ದು, ಉಜ್ಜಯಿನಿಯಿಂದ ಗಾಣಿಗರ ಮನೆಗೆ ಸೊಸೆಯಾಗಿ ಬಂದಿದ್ದ ಹೆಂಗಸು ತವರಿನ ರಾಜನ ಗುರುತು ಹಿಡಿದು ಪಲ್ಲಕ್ಕಿಯಲ್ಲಿ ತಂದದ್ದು ಎಲ್ಲ ಬೇಗಬೇಗನೆ ನಡೆದುಹೋಯಿತು. ಆಮೇಲೆ ಗಾಣ. ಕೈಕಾಲಿಲ್ಲದ ಚಕ್ರವರ್ತಿ ಗಾಣದ ಮೇಲೆ ಕೂತು ಬಾಯಲ್ಲಿ ಎತ್ತನ್ನು ಹೊಡೆಯುತ್ತಾನೆ. ಸುತ್ತು, ಸುತ್ತು, ಅದೇ ಸುತ್ತು. ಅವನಲ್ಲಿ ಉಳಿದಿರುವುದು ದನಿ ಮಾತ್ರ. ಒಂದು ಸಂಜೆ ದೀಪಕ ರಾಗ ಹಾಡುತ್ತಾನೆ, ಊರಿನ ದೀಪಗಳೆಲ್ಲ ತಾವಾಗಿ ಹೊತ್ತಿಕೊಳ್ಳುತ್ತವೆ. ಉಪ್ಪರಿಗೆಯಲ್ಲಿದ್ದ ರಾಜಕುಮಾರಿ, ಹಾಡಿದವರು ಯಾರು ಎಂದು ಕೇಳಿ ಕಳಿಸುತ್ತಾಳೆ. ಒಂದು ಚಿತ್ರ ಅವನನ್ನು ಕೆಡಿಸಿತು, ಒಂದು ಹಾಡು ಎತ್ತಿತು. ಈ ಕತೆಯನ್ನು ಮೊದಲು ಕಟ್ಟಿದವರು ಯಾರೇ ಆಗಿರಲಿ, ಕಲೆಯ ಎರಡೂ ಗುಣ ಬಲ್ಲವರು.

ಭಾಗವತರು ಆ ಪದ ಎತ್ತಿದಾಗ ಹೆಂಗಸರು ಎದ್ದು ಮಂಟಪದ ಸುತ್ತ ಇಟ್ಟಿದ್ದ ಎಳ್ಳೆಣ್ಣೆಯ ಹಣತೆಗಳಿಗೆ ಬತ್ತಿಯಿಂದ ಬತ್ತಿಗೆ ಬೆಂಕಿ ದಾಟಿಸಿದರು. ಗುಜರಾತಿ ಬೆನ್ ಕೂಡ. ಮಹಡಿಯ ಕಿಟಕಿಗಳಲ್ಲಿ ಮೊಬೈಲುಗಳು ಎದ್ದವು. ಕೊನೆಗೆ ಶನಿ ಪ್ರತ್ಯಕ್ಷನಾಗಿ ಕೈಕಾಲು ಮರಳಿಸಿ, ಏನು ಬೇಕು ಕೇಳು ಎಂದ. ಆಗ ವಿಕ್ರಮ ರಾಜ್ಯ ಕೇಳಲಿಲ್ಲ. ನನಗೆ ಕೊಟ್ಟ ಕಷ್ಟವನ್ನು ಇನ್ನು ಯಾರಿಗೂ ಕೊಡಬೇಡ ಎಂದ. ತನಗೆಂದು ಕೇಳದವನನ್ನು ಶನಿ ಮೆಚ್ಚಿ, ಈ ಕತೆಯನ್ನು ಓದಿದವರಿಗೆ, ಕೇಳಿದವರಿಗೆ ನನ್ನ ಬಾಧೆ ಇಲ್ಲ ಎಂದು ಮಾತು ಕೊಟ್ಟ. ಕಷ್ಟಕ್ಕೆ ಮದ್ದು ಕಷ್ಟದ ಕತೆಯನ್ನು ಕೂತು ಕೇಳುವುದು. ಹರಳಿನ ಉಂಗುರವಾಗಲಿ ಹೋಮವಾಗಲಿ ಶನಿಯೇ ಕೇಳಿದ್ದಿಲ್ಲ, ಈ ಅಂಶ ಜ್ಯೋತಿಷ್ಯದ ಅಂಗಡಿಯವರಿಗೆ ಅಷ್ಟು ಇಷ್ಟವಾಗಲಿಕ್ಕಿಲ್ಲ.

ಮಂಗಳಾರತಿ, ಪ್ರಸಾದ, ಪಂಕ್ತಿ. ಅನ್ನ ಸಾರು ಬಡಿಸುತ್ತಿದ್ದವರು ಸ್ವತಃ ವಿಕ್ರಮರೇ, ಬಕೆಟ್ಟು ಹಿಡಿದರೆ ಅವರ ಕೈ ಬೇರೆಯೇ. ಹುಡುಗಿ ಲೆಕ್ಕದ ಪುಸ್ತಕ ಹಿಡಿದುಕೊಂಡು ಅವರ ಹಿಂದೆ ಹಿಂದೆ ಬಂದಳು.

“ಮಾಮಾ, ಹಂಸಕ್ಕೆ ಏನೂ ಪನಿಶ್‌ಮೆಂಟ್ ಇಲ್ವಾ?”

“ಅದು ಹಾರ ವಾಪಸ್ಸು ಉಗುಳ್ತದಲ್ಲ ಮಗಾ, ಶೆಟ್ಟಿಯ ಎದುರಿಗೇ.”

“ಉಗುಳಿದ್ರೆ ಆಯ್ತಾ? ವಿಕ್ರಮನ ಕೈ ಹೋದಾಗ ಅದು ಗೋಡೆ ಮೇಲೆ ಸುಮ್ನೆ ಇತ್ತಲ್ಲ. ಅದಕ್ಕೂ ಮಾತು ಬೇಕು.”

ವಿಕ್ರಮರು ಬಕೆಟ್ಟು ಕೆಳಗಿಟ್ಟು ಚಿತ್ರ ನೋಡಿದರು. ಬ್ಯಾಂಕಿನ ಶನಿಯನ್ನು ಕರೆದು ತೋರಿಸಿದರು. ಹಂಸಕ್ಕೆ ಅರ್ಥ ಹೇಳಿದ ದಾಖಲೆ ಎಲ್ಲಿಯೂ ಇಲ್ಲ ಎಂದು ಶನಿ, ದಾಖಲೆ ಇಲ್ಲದಿದ್ದರೆ ಮಾಡುವುದು ಎಂದು ಪಾತ್ರೆ ಅಂಗಡಿಯವರು. ಎಲೆಯ ಮುಂದೆ ಕೂತವರು ಸಾರಿಗೆ ಕಾದರು. ಕಡೆಗೆ ಮುಂದಿನ ವರ್ಷ ಹಂಸಕ್ಕೂ ಒಂದು ಅರ್ಥ ಇರಲಿ, ಅದನ್ನು ಹುಡುಗಿಯೇ ಬರೆದುಕೊಂಡು ಬರಲಿ ಎಂದಾಯಿತು. ಕನ್ನಡ ಲಿಪಿ ಬಾರದಿದ್ದರೆ ದೇವನಾಗರಿಯಲ್ಲಿ ಬರೆಯಲಿ, ಮಾತು ಕನ್ನಡದ್ದಿರಲಿ, ವಿಕ್ರಮರು ತಿದ್ದಿಕೊಡುತ್ತಾರೆ. ಪೂಜಾ ಸಮಿತಿಯ ಕಾರ್ಯದರ್ಶಿ ಮಾತ್ರ ಒಂದು ಶರತ್ತು ಹಾಕಿದರು. ರಾತ್ರಿ ಹತ್ತಕ್ಕೆ ಮೈಕು ಬಂದಾಗಬೇಕು, ಆದ್ದರಿಂದ ಹಂಸಕ್ಕೆ ನಾಲ್ಕು ನಿಮಿಷ. ಹುಡುಗಿ ಆರು ಕೇಳಿದಳು.